ಮನೆಯ ಸರ್ವರ್, ಕರೆಂಟ್ ಬಿಲ್ಲು, ಕೈಕೊಟ್ಟ ಡಿಸ್ಕು

ತುಮಕೂರಿನ ಎಸ್.ಎಸ್. ಪುರಂನಲ್ಲಿ ಕುಳಿತು ಮದುವೆ, ನಾಮಕರಣಗಳ ವಿಡಿಯೊ ಮಾಡಿಕೊಡುವುದು ನನ್ನ ಕಸುಬು. ಲೆಕ್ಕ ಚುಕ್ತಾ ಆಗಿ ವರ್ಷಗಳಾದ ಮೇಲೂ ಗಿರಾಕಿಗಳು ಬಂದು, ಧಾರೆಯ ವಿಡಿಯೊ ಇನ್ನೊಂದು ಕಾಪಿ ಬೇಕು ಎನ್ನುತ್ತಾರೆ. ಆದ್ದರಿಂದ ಯಾವುದನ್ನೂ ಅಳಿಸುವಂತಿಲ್ಲ. ಹಳೆಯ ಡೆಸ್ಕ್‌ಟಾಪಿಗೆ ಡಿಸ್ಕುಗಳನ್ನು ಸೇರಿಸುತ್ತಾ ಅದನ್ನೇ ಮನೆಯ ಸರ್ವರ್, ಅಂದರೆ ಸದಾ ಆನ್ ಇರುವ ವಿಡಿಯೊ ಉಗ್ರಾಣ ಮಾಡಿಕೊಂಡಿದ್ದೆ.

ಸಾಕೆಟ್ಟಿಗೆ ಚುಚ್ಚುವ ವಾಟ್ ಮೀಟರ್ ತಂದು ನೋಡಿದಾಗ ಅದು ಸುಮ್ಮನೆ ಕುಳಿತೇ 60 ವಾಟ್ ಎಳೆಯುತ್ತಿತ್ತು. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಮ್ಮ ತಲೆಗೇ. ಬೇಸಿಗೆಯಲ್ಲಿ ಫ್ಯಾನು, ಕೂಲರ್ ಜೊತೆಗೆ ಇದೂ ಸೇರಿದರೆ ದಾಟುವುದೇನೂ ಕಷ್ಟವಲ್ಲ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಕೊಂಡೆ. ಅರ್ಧ ಗಂಟೆ ಕೆಲಸವಿಲ್ಲದಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸುವಂತೆ ಮಾಡಿದೆ. ತುಂಬಿದ ಡಿಸ್ಕುಗಳಿಗೆ ಚೀಟಿ ಅಂಟಿಸಿ ಬೀರುವಿನಲ್ಲಿಟ್ಟೆ. ಈಗ 15 ವಾಟ್, ತಿಂಗಳಿಗೆ 11 ಯೂನಿಟ್ ಒಳಗೆ.

ಕೈಕೊಟ್ಟದ್ದು ಮಾತ್ರ ಬೀರುವಿನ ಡಿಸ್ಕಲ್ಲ, ಓಡುತ್ತಿದ್ದ 4 ಟಿಬಿಯದ್ದು. ಪ್ರತಿ ಭಾನುವಾರ ಅದರ ಪ್ರತಿ ತೆಗೆಯುತ್ತಿದ್ದೆ. ಬೇರೆ ಪ್ರತಿಯಿಲ್ಲದೆ ಉಳಿದದ್ದು ಆ ವಾರದ ಎರಡು ಮದುವೆಗಳಷ್ಟೇ, ಅವುಗಳ ಮೆಮೊರಿ ಕಾರ್ಡುಗಳು ಆಗಲೇ ಬೇರೆ ಕೆಲಸಕ್ಕೆ ಹೋಗಿದ್ದವು. ಫೋಲ್ಡರ್ ತೆರೆಯಲು ತಡಕಾಡುತ್ತಿತ್ತು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ಸಣ್ಣ ಭಾಗಗಳ) ಸಂಖ್ಯೆ ಏರುತ್ತಿತ್ತು.

"ಭಾವ, ಒಂದು ರಾತ್ರಿ ಫ್ರೀಜರಿನಲ್ಲಿಡಿ, ಸರಿಹೋಗುತ್ತದೆ" ಎಂದ ತಂಗಿಯ ಗಂಡ. ಒಳಗೆ ತೇವ ಕಟ್ಟಿದರೆ ಇರುವುದೂ ಹೋಗುತ್ತದೆ. ವಿಂಡೋಸ್ ಬೇರೆ, ಡಿಸ್ಕ್ ರಿಪೇರಿ ಮಾಡಲೇ ಎಂದು ಕೇಳುತ್ತಿತ್ತು. ಸಾಯುತ್ತಿರುವ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು, ರಿಪೇರಿ ಎಂದರೆ ಬರೆಯುವುದೇ. ಆದ್ದರಿಂದ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ಅದಕ್ಕಿಂತ ದೊಡ್ಡದಾದ ಹೊಸ ಡಿಸ್ಕಿಗೆ ಇಳಿಸತೊಡಗಿದೆ. ಸುಲಭವಾಗಿ ಓದಲು ಬರುವುದನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಹಟ ಹಿಡಿದ ಜಾಗವನ್ನು ಬಿಟ್ಟು ಮುಂದೆ ಹೋಗಿ ಕೊನೆಗೆ ಮತ್ತೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ನಮ್ಮ ಊರಿಗೆ ಇದು ಸಣ್ಣ ಸೌಲಭ್ಯವಲ್ಲ. ಡಿಸ್ಕಿನ ಬೆನ್ನಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಸೆಕೆಂಡಿಗೆ 120 ಎಂಬಿ ಇದ್ದ ವೇಗ ಕೆಟ್ಟ ಜಾಗ ಬಂದಾಗ ಕೆಬಿಗೆ ಇಳಿದು, ಪರದೆಯ ಅಂಕಿ ಸತ್ತಂತೆ ನಿಂತುಬಿಡುತ್ತಿತ್ತು. ಆಗ ಕೈ ಹಾಕಬಾರದು.

ಎರಡೂ ಮದುವೆಗಳು ಸಿಕ್ಕವು, ಆರತಕ್ಷತೆಯ ಕೆಲವು ಕ್ಲಿಪ್ಪುಗಳು ಹೋದವು. ನನ್ನ ಡಿಸ್ಕು ಟಕ್ ಟಕ್ ಎನ್ನುತ್ತಿರಲಿಲ್ಲ ಎಂಬುದನ್ನು ಮರೆಯಬೇಡಿ. ಹಾಗೆ ಸದ್ದು ಬಂದರೆ ಓದುವ ಹೆಡ್ಡೇ ಕೆಟ್ಟಿರಬಹುದು. ತಕ್ಷಣ ಆಫ್ ಮಾಡಿ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ, ಡೇಟಾ ಮರಳಿ ತೆಗೆಯುವ ಪ್ರಯೋಗಾಲಯಕ್ಕೆ ಕೊಡಬೇಕು.

ಈಗ ಶೂಟಿಂಗ್ ಮುಗಿದ ರಾತ್ರಿಯೇ ಎರಡು ಡಿಸ್ಕುಗಳಿಗೆ ಹಾಕುತ್ತೇನೆ. ಮೂರನೆಯ ಪ್ರತಿ ಗುಬ್ಬಿಯ ತಂಗಿಯ ಮನೆಯಲ್ಲಿರುತ್ತದೆ. ಡಿಸ್ಕಿನ ಬೆಲೆಯನ್ನು ಪ್ಯಾಕೇಜಿಗೇ ಸೇರಿಸಿದ್ದೇನೆ, ಚೌಕಾಸಿ ಮಾಡುವವರು ಮಾಡಿಕೊಳ್ಳಲಿ.