ಕೇಪಳಕ್ಕೆ ಸುಣ್ಣ ಆಗದು

ಪುತ್ತೂರಿನ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಕೇಪಳವನ್ನು ಯಾರೂ ನೆಟ್ಟದ್ದಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಸಂದಿಯಲ್ಲಿ ಒಂದು ಹಿಡಿ ಮಣ್ಣು ಸಿಕ್ಕಿದರೆ ಅಲ್ಲೇ ಬೇರಿಳಿಸಿಕೊಂಡು ನಿಲ್ಲುವ ಗಿಡ ಅದು. ಏಪ್ರಿಲ್ ಬಿಸಿಲಿಗೆ ಗುಡ್ಡೆಯ ಹುಲ್ಲೆಲ್ಲ ಸುಟ್ಟು ಕರಕಲಾದಾಗಲೂ ಇದರ ಎಲೆ ಮಾತ್ರ ದಪ್ಪ ಹಸಿರು, ತುದಿಯಲ್ಲಿ ಕೆಂಡದಂಥ ಗೊಂಚಲು. ಶಾಲೆಯಿಂದ ಬರುವಾಗ ಒಂದೊಂದೇ ಹೂ ಕಿತ್ತು, ನಾಳದೊಳಗಿನ ಎಳೆಯನ್ನು ಮೆಲ್ಲಗೆ ಜಗ್ಗುತ್ತಿದ್ದೆವು. ಅದರ ಬುಡದಲ್ಲಿ ಸಾಸಿವೆಯಷ್ಟು ಜೇನಹನಿ ಹೊಳೆಯುತ್ತಿತ್ತು. ನಾಲಿಗೆಗೆ ತಾಗಿಸಿದರೆ ಮುಗಿಯಿತು, ಮತ್ತೊಂದು ಹೂ.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗ ಕಾಂಪೌಂಡಿನ ಪಕ್ಕದ ಮೂರಡಿ ಅಗಲದ ಜಾಗಕ್ಕೆ ಕೇಪಳವೇ ಬೇಕು ಎಂದು ಹಠ ಹಿಡಿದದ್ದು ಈ ನೆನಪಿನಿಂದ. ಗುಡ್ಡೆಯಲ್ಲಿ ತಾನಾಗಿ ಬೆಳೆಯುವ ಗಿಡ, ಇಲ್ಲಿ ನೀರು ಗೊಬ್ಬರ ಕೊಟ್ಟರೆ ಬೆಳೆಯದೇ ಇರುತ್ತದೆಯೇ ಎಂದುಕೊಂಡಿದ್ದೆ. ಅದು ಸರಿಯಾಗಿ ನೆಲೆಯೂರಲು ನಾಲ್ಕು ವರ್ಷ ಹಿಡಿಯಿತು.

ಮೊದಲು ನರ್ಸರಿಗೆ ಹೋದೆ. ಕೇಪಳ ಎಂದು ಕೇಳಿದ್ದಕ್ಕೆ ‘ಇಕ್ಸೋರಾನಾ ಮೇಡಂ’ ಎಂದು ಸಣ್ಣೆಲೆಯ, ಒತ್ತಾಗಿ ಹೂ ಬಿಟ್ಟ ಗಿಡಗಳನ್ನು ಕೊಟ್ಟರು. ಚೆಂದವೇ ಇದ್ದವು. ಅಮ್ಮ ಬಂದಾಗ ಎಲೆ ಮುಟ್ಟಿ ನೋಡಿ, “ಇದು ನಮ್ಮ ಕೇಪಳ ಅಲ್ಲ. ಇದರಲ್ಲಿ ಹಣ್ಣು ಆಗ್ಲಿಕ್ಕಿಲ್ಲ” ಎಂದರು. ಹಾಗೇ ಆಯಿತು, ಎರಡು ವರ್ಷದಲ್ಲಿ ಒಂದು ಕಾಯಿಯೂ ಕಚ್ಚಲಿಲ್ಲ. ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವುದು ಚೀನಾ ಮೂಲದ ಜಾತಿಗಳು, ಮಿಶ್ರತಳಿಗಳು. ನಮ್ಮದು ಇಕ್ಸೋರಾ ಕಾಕ್ಸೀನಿಯಾ, ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು. 1753ರಲ್ಲಿ ಲಿನ್ನೇಯಸ್ ಇಟ್ಟ ಆ ‘ಇಕ್ಸೋರಾ’ ಪೋರ್ಚುಗೀಸರ ಬಾಯಲ್ಲಿ ತಿರುಚಿದ ನಮ್ಮ ‘ಈಶ್ವರ’ನೇ ಎನ್ನುತ್ತಾರೆ. ನಮ್ಮಲ್ಲಿ ಪೂಜೆಗೆ ಈ ಹೂ ಎಷ್ಟು ಬೇಕೆಂದು ಬಲ್ಲವರಿಗೆ ಅದು ಆಶ್ಚರ್ಯವಲ್ಲ.

ಆಮೇಲೆ ಊರಿನ ಗುಡ್ಡೆಯಿಂದಲೇ ಮೊಣಕಾಲೆತ್ತರದ ಗಿಡವೊಂದನ್ನು ಅಗೆದು ತಂದೆ. ಮುರಕಲ್ಲಿನೊಳಗೆ ಇಳಿದ ತಾಯಿಬೇರು ತುಂಡಾಗಿತ್ತು. ಹದಿನೈದೇ ದಿನದಲ್ಲಿ ಒಣಗಿತು. ಗುಡ್ಡೆಯ ಗಿಡವನ್ನು ಕೀಳಲೇಬಾರದಿತ್ತು, ಆ ಬೇಸರ ಇನ್ನೂ ಇದೆ.

ಮರುವರ್ಷ ಆಷಾಢದ ಮಳೆಯಲ್ಲಿ ಗೆಲ್ಲು ತಂದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೀರಾ ಎಳೆಯ ಹಸಿರು ಕುಡಿ ಕೊಳೆಯುತ್ತದೆ, ಬೂದು ಬಣ್ಣಕ್ಕೆ ತಿರುಗಿದ ಮುದಿ ಗೆಲ್ಲು ಬೇರು ಬಿಡಲು ಸತಾಯಿಸುತ್ತದೆ. ನಡುವಿನದು, ಬಗ್ಗಿಸಿದರೆ ಬಳುಕಿ ಆಮೇಲೆ ಲಟಕ್ ಎನ್ನುವಂಥದ್ದು ಬೇಕು. ಒಂದು ಗೇಣು ಉದ್ದಕ್ಕೆ, ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದದ್ದನ್ನು ಚಿವುಟಿ ತೆಗೆದೆ. ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿದೆ. ಮರಳು, ಕೆಂಪುಮಣ್ಣು ಸಮಸಮ ಬೆರೆಸಿದ ಕುಂಡದಲ್ಲಿ ನೆಟ್ಟು ನೆರಳಿಗಿಟ್ಟೆ. ಹನ್ನೆರಡರಲ್ಲಿ ಐದು ಉಳಿದವು. ಬೇರು ಬಂದಿದೆಯೇ ಎಂದು ಎಳೆದು ನೋಡುವ ಚಪಲದಿಂದಲೇ ಎರಡು ಹೋದವು ಅಂತ ಕಾಣುತ್ತದೆ. ಹೊಸ ಚಿಗುರು ಬಂದು ಎರಡು ಜೊತೆ ಎಲೆ ಬಲಿಯುವವರೆಗೆ ಕೈ ಹಾಕಬೇಡಿ.

ಆ ಐದನ್ನು ಕಾಂಪೌಂಡಿನ ಬುಡದಲ್ಲಿ ನೆಟ್ಟೆ. ಮೂರು ತಿಂಗಳಿಗೆ ಹೊಸ ಎಲೆಗಳು ಹಳದಿಯಾಗತೊಡಗಿದವು. ನರಗಳು ಮಾತ್ರ ಹಸಿರು, ನಡುವೆ ಎಲ್ಲ ನಿಂಬೆ ಬಣ್ಣ, ಬಲೆ ಬರೆದ ಹಾಗೆ. ಹಸಿವಾಗಿದೆಯೇನೋ ಎಂದು ಸಗಣಿಗೊಬ್ಬರ ಹಾಕಿದೆ, ಬಚ್ಚಲ ಒಲೆಯ ಬೂದಿಯನ್ನೂ ಹಾಕಿದೆ. ಇನ್ನಷ್ಟು ಹಳದಿಯಾದವು. ಫೋನಿನಲ್ಲಿ ಅಮ್ಮ, “ಬೂದಿ ಯಾಕೆ ಹಾಕಿದ್ದು ಮಾರಾಯ್ತಿ? ಗುಡ್ಡೆಯಲ್ಲಿ ಅದಕ್ಕೆ ಬೂದಿ ಹಾಕುವವರು ಯಾರು?” ಎಂದು ಕೇಳಿದಾಗ ಮೊದಲ ಸಲ ಮಣ್ಣಿನ ಬಗ್ಗೆ ಯೋಚಿಸಿದೆ. ಗಿಡದ ಬುಡ ಕೆದಕಿದರೆ ಗಾರೆಯವರು ಬಿಟ್ಟುಹೋದ ಸಿಮೆಂಟ್ ಹೆಂಟೆ, ಬಿಳಿ ಪುಡಿ. ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದೆ. ಬುಸ್ ಎಂದು ನೊರೆಯೆದ್ದಿತು, ಅಂದರೆ ಅದು ಸುಣ್ಣ.

ಕೇಪಳ ಹುಳಿಮಣ್ಣಿನ ಗಿಡ. ಕರಾವಳಿಯ ಮಳೆ ಸುಣ್ಣದಂಶವನ್ನೆಲ್ಲ ತೊಳೆದು ಉಳಿಸಿದ ಮುರಕಲ್ಲು ಮಣ್ಣು ಅದಕ್ಕೆ ತವರು. ಸುಣ್ಣ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ, ಹಾಗಾಗಿ ಚಿಗುರೇ ಮೊದಲು ಹಳದಿಯಾಗುತ್ತದೆ. ಮೇಲಿಂದ ನಾನು ಕೊಡುತ್ತಿದ್ದದ್ದು ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕಟ್ಟಿಸುವ ಬೋರ್‌ವೆಲ್ ನೀರು.

ಐದನ್ನೂ ಮಣ್ಣಿನುಂಡೆ ಸಮೇತ ಎಬ್ಬಿಸಿ, ಗೋಡೆಯಿಂದ ಎರಡಡಿ ಈಚೆಗೆ ತಂದೆ. ಎರಡಡಿ ಆಳದ ಗುಂಡಿ ತೋಡಿ ಅಲ್ಲಿನ ಮಣ್ಣನ್ನೆಲ್ಲ ಹೊರಹಾಕಿ, ಹೊಸ ಕೆಂಪುಮಣ್ಣು, ಕೊಳೆತ ತರಗೆಲೆ ತುಂಬಿದೆ. ಬುಡಕ್ಕೆ ವರ್ಷವಿಡೀ ಒಣ ಎಲೆಯ ಹೊದಿಕೆ. ಮಾಡಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಆದಷ್ಟು ಅದನ್ನೇ ಕೊಟ್ಟೆ. ತಕ್ಷಣದ ಉಪಚಾರಕ್ಕೆ ಕಬ್ಬಿಣದಂಶದ ಅನ್ನಭೇದಿ (ಫೆರಸ್ ಸಲ್ಫೇಟ್): ಒಂದು ಲೀಟರ್ ನೀರಿಗೆ ಐದು ಗ್ರಾಂ, ಜೊತೆಗೆ ನಾಲ್ಕು ಹನಿ ನಿಂಬೆರಸ, ಸಂಜೆ ಹೊತ್ತು ಎಲೆಗೆ ಸಿಂಪಡಣೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗೋಡೆಗೆ, ಟೈಲ್ಸಿಗೆ ತಾಗಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜಾಗ್ರತೆ. ಹಳೆಯ ಹಳದಿ ಎಲೆಗಳು ಪೂರ್ತಿ ಸುಧಾರಿಸಲಿಲ್ಲ, ಆದರೆ ಮುಂದಿನ ಚಿಗುರು ತಾಮ್ರದ ಬಣ್ಣದಲ್ಲಿ ಬಂದು ಹಸಿರಾಗಿಯೇ ಬಲಿಯಿತು. ಆ ದಿನ ಅಮ್ಮನಿಗೆ ಫೋಟೋ ಕಳಿಸಿದೆ.

ಸವರುವ ವಿಷಯದಲ್ಲೊಂದು ಮಾತು. ಒಮ್ಮೆ ನಾನಿಲ್ಲದಾಗ ಹುಲ್ಲು ತೆಗೆಯಲು ಬಂದವರು ಐದನ್ನೂ ಬೇಲಿಯ ಹಾಗೆ ಚೌಕಕ್ಕೆ ಕತ್ತರಿಸಿಬಿಟ್ಟರು. ಕೇಪಳ ಹೂ ಬಿಡುವುದೇ ಕುಡಿಯ ತುದಿಯಲ್ಲಿ, ಹಾಗಾಗಿ ತಿಂಗಳುಗಟ್ಟಲೆ ಹೂವಿಲ್ಲ. ಈಗ ಬಾಡಿದ ಗೊಂಚಲನ್ನು ಮಾತ್ರ ಒಂದು ಜೊತೆ ಎಲೆಯ ಸಮೇತ ಚಿವುಟುತ್ತೇನೆ. ಅದೂ ಎಲ್ಲವನ್ನಲ್ಲ, ಅರ್ಧ ಗೊಂಚಲು ಹಣ್ಣಿಗೆ. ಎಳೆ ಕುಡಿ ಮಾತ್ರ ಆಗಾಗ ಅಡುಗೆಮನೆಗೆ ಬರುತ್ತದೆ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಸ್ವಲ್ಪ ಒಗರು, ಬಿಸಿ ಅನ್ನಕ್ಕೆ ಬಹಳ ಒಪ್ಪುತ್ತದೆ.

ಗಿಡಗಳು ಈಗ ನನ್ನ ಭುಜದೆತ್ತರ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು, ಮಳೆಗಾಲದಲ್ಲಿ ಏನೂ ಇಲ್ಲ. ಕಳೆದ ವರ್ಷ ಮೊದಲ ಸಲ ಹಣ್ಣು ನಿಂತಿತು: ಹಸಿರು ಗುಂಡು ಕೆಂಪಾಗಿ, ಆಮೇಲೆ ಕಪ್ಪಿಗೆ ತಿರುಗಿ ಮೆತ್ತಗಾಯಿತು. ಕಾಫಿಯ ಕುಟುಂಬದ್ದಲ್ಲವೇ, ಒಳಗೆ ಅದರಂತೆಯೇ ಎರಡು ಬೀಜ. ನಾನು ತಿಂದದ್ದು ಆರೋ ಏಳೋ, ಉಳಿದದ್ದೆಲ್ಲ ಪಿಕಳಾರಗಳ ಪಾಲು. ಈ ಜೂನ್‌ನಲ್ಲಿ ಪಕ್ಕದ ಮನೆಯ ನುಗ್ಗೆಮರದ ಬುಡದಲ್ಲಿ, ನಾವ್ಯಾರೂ ನೆಡದ ಎರಡು ಕೇಪಳದ ಸಸಿ ಎದ್ದಿವೆ. ಅಲ್ಲಿನ ಆಂಟಿಗೆ ತೋರಿಸಿ, ಕಳೆಯೆಂದು ಕೀಳಬೇಡಿ ಎಂದು ಹೇಳಿ ಬಂದಿದ್ದೇನೆ.