ಮನೆ ಮಾರುವುದಾದರೆ ಬಣ್ಣಕ್ಕಿಂತ ಮೊದಲು ನೀರು ನೋಡಿ

ಮನೆ ಮಾರೋಣ ಅಂತ ತೀರ್ಮಾನ ಆದ ಕೂಡಲೇ ಎಲ್ಲರೂ ಮೊದಲು ಪೇಂಟರ್‌ಗೆ ಫೋನ್ ಮಾಡುತ್ತಾರೆ. ಸ್ವಲ್ಪ ತಡೀರಿ. ಬೆಂಗಳೂರಲ್ಲಿ 30x40 ಸೈಟಿನ ಹಳೇ ಮನೆ ನೋಡಲು ಬರುವವರು ಬಣ್ಣ ನೋಡುವುದಿಲ್ಲ, ಗೋಡೆ ಮೂಲೆ ನೋಡುತ್ತಾರೆ. ಈಗಂತೂ ಜೊತೆಗೊಬ್ಬ ಮೇಸ್ತ್ರಿಯನ್ನೋ ಇಂಜಿನಿಯರನ್ನೋ ಕರೆದುಕೊಂಡೇ ಬರುತ್ತಾರೆ. ಅವನು ಬಾತ್‌ರೂಮಿನ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾನೆ, ಟೈಲ್ಸ್ ಮೇಲೆ ಬೆರಳಲ್ಲಿ ಕುಟ್ಟಿ ಟೊಳ್ಳು ಶಬ್ದ ಬರುತ್ತಾ ಅಂತ ಕೇಳುತ್ತಾನೆ. ರೂಮಿನ ಮೂರು ಗೋಡೆ ಹಳೇದಾಗಿದ್ದು ಒಂದಕ್ಕೆ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲೇ ಅನುಮಾನ ಶುರು.

ಅದಕ್ಕೇ ಹೇಳುವುದು, ಬಣ್ಣದ ದುಡ್ಡಲ್ಲಿ ಅರ್ಧ ತೆಗೆದಿಟ್ಟು ಮೊದಲು ತಾರಸಿಗೆ ಹತ್ತಿ. ನೀರು ಹೋಗುವ ಪೈಪಿನ ಬಾಯಲ್ಲಿ ಎಲೆ, ಸಿಮೆಂಟ್ ಚೂರು ಕಟ್ಟಿಕೊಂಡಿರುತ್ತೆ, ತೆಗೆಸಿ. ಆಮೇಲೆ ಆ ಬಾಯಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ ಒಂದು ದಿನ ಪೂರ್ತಿ ಬಿಡಿ. ಕೆಳಗೆ ಸೀಲಿಂಗಿನಲ್ಲಿ ಕಪ್ಪು ಕಲೆ ಎದ್ದರೆ ಎಲ್ಲಿಂದ ಇಳಿಯುತ್ತಿದೆ ಅಂತ ಗೊತ್ತಾಗುತ್ತೆ. ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆ ಚೆನ್ನಾಗಿ ಒಣಗಲು ಬಿಟ್ಟು ಆಮೇಲೆ ಬಣ್ಣ ಹೊಡೆಸಿ. ಹಸಿ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಹೊಪ್ಪಳೆ ಏಳುತ್ತೆ, ಅದೂ ಸರಿಯಾಗಿ ಗಿರಾಕಿ ಬರುವ ವಾರ. ರಿಪೇರಿ ಬಿಲ್ಲು ಎಸೆಯಬೇಡಿ. "ಇಲ್ಲಿ ಸೋರುತ್ತಿತ್ತು, ಸರಿ ಮಾಡಿಸಿದ್ದೀವಿ, ಇಲ್ಲಿದೆ ನೋಡಿ ಬಿಲ್ಲು" ಅಂತ ಹೇಳುವವರ ಮೇಲೆ ಜನಕ್ಕೆ ನಂಬಿಕೆ ಜಾಸ್ತಿ.

ಇನ್ನು ಕುಡಿಯುವ ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಕಾದು ಕೂತ ಮೇಲೆ ಬೆಂಗಳೂರಿನವರು ಗೇಟಲ್ಲಿ ನಿಂತೇ ಕೇಳುತ್ತಾರೆ, ಕಾವೇರಿ ಇದೆಯಾ, ಯಾವ್ಯಾವ ದಿನ ಬಿಡುತ್ತಾರೆ ಅಂತ. ನೀರಿನ ಬಿಲ್ಲು ಕೈಗೆ ಸಿಗುವ ಹಾಗೆ ಇಟ್ಟಿರಿ. ಸಂಪು ತೊಳೆಸಿ, ಮುಚ್ಚಳ ಎತ್ತಿ ತೋರಿಸಿ. ತೊಟ್ಟಿಕ್ಕುವ ನಲ್ಲಿಗೆ ವಾಷರ್ ಹಾಕಿಸಿ. ಬೋರ್ ನೀರಿಂದ ನಲ್ಲಿಗಳ ಮೇಲೆ ಬಿಳಿ ಪದರ ಕಟ್ಟಿರುತ್ತಲ್ಲ, ಹುಣಸೆಹಣ್ಣು ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಸುಮಾರಾಗಿ ಹೋಗುತ್ತೆ.

ಖಾಲಿ ಬಿಟ್ಟ ಮನೆಯಾದರೆ ಒಂದು ವಿಷಯ ನೆನಪಿಡಿ. ಬಾತ್‌ರೂಮಿನ ಜಾಲರಿ ಕೆಳಗೆ ನಿಲ್ಲುವ ನೀರೇ ಚರಂಡಿ ವಾಸನೆ ತಡೆಯುವುದು. ಯಾರೂ ಉಪಯೋಗಿಸದೆ ಆ ನೀರು ಒಣಗಿದರೆ ಮನೆಯೆಲ್ಲ ಗಬ್ಬು ನಾರುತ್ತೆ. ಬಂದವರು ಡ್ರೈನೇಜ್ ಕೆಟ್ಟಿದೆ ಅಂದುಕೊಂಡು ಹೋಗುತ್ತಾರೆ. ವಾರಕ್ಕೊಮ್ಮೆ ಹೋಗಿ ಪ್ರತಿ ಜಾಲರಿಗೆ, ಸಿಂಕಿಗೆ ಒಂದೊಂದು ಚೊಂಬು ನೀರು ಸುರಿದು ಬಂದರೆ ಸಾಕು. ಊದುಬತ್ತಿ ಕಟ್ಟುಗಟ್ಟಲೆ ಹಚ್ಚಬೇಡಿ, ಏನನ್ನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತೆ. ಕಿಟಕಿ ತೆಗೆದಿಟ್ಟರೆ ಆಯಿತು.

ಸಾಮಾನು ಕಮ್ಮಿ ಮಾಡುವುದು ನಮ್ಮವರಿಗೆ ಬಹಳ ಕಷ್ಟ. ಅಟ್ಟದ ತುಂಬ ಟಿವಿ ತಂದ ಡಬ್ಬ, ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆ, ಮುರಿದ ಮಿಕ್ಸಿ. ಹೇಗೂ ಮನೆ ಬಿಡುವಾಗ ಖಾಲಿ ಮಾಡಲೇಬೇಕು ಅಲ್ವಾ, ಈಗಲೇ ಮಾಡಿ. ಬಂದವರು ಕಪಾಟು ತೆಗೆದು ನೋಡಿಯೇ ನೋಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಒಡವೆ, ಬ್ಯಾಂಕ್ ಪುಸ್ತಕ ಮಾತ್ರ ಬೇರೆ ಕಡೆ ಬೀಗ ಹಾಕಿಡಿ. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್‌ಗಳಲ್ಲಿ ಒಂದು ಉಳಿದರೆ ಸಾಕು, ಮೊಳೆ ಕಿತ್ತ ತೂತಿಗೆ ಪುಟ್ಟಿ ಹಚ್ಚಿಸಿ. ದೇವರ ಮನೆ ಇದ್ದ ಹಾಗೇ ಇರಲಿ.

ಖರ್ಚಿನ ವಿಷಯ. ಮಾರುವ ಮನೆಗೆ ಹೊಸ ಮಾಡ್ಯುಲರ್ ಕಿಚನ್ ಹಾಕಿಸುವುದು ಶುದ್ಧ ದಂಡ. ಕೊಳ್ಳುವವರು ತಮಗೆ ಬೇಕಾದ ಹಾಗೆ ಒಡೆದು ಕಟ್ಟಿಸುತ್ತಾರೆ, ಎಷ್ಟೋ ಸಲ ಪೂರ್ತಿ ಮನೆಯನ್ನೇ ಕೆಡವುತ್ತಾರೆ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕಿಸಿ, ಅಂಥ ನೆಲ ಈಗ ಹುಡುಕಿದರೂ ಸಿಗಲ್ಲ. ಮಳೆಗೆ ಉಬ್ಬಿ ಹಿಡಿಯುವ ಬಾಗಿಲಿಗೆ ಬಡಗಿಯಿಂದ ಉಜ್ಜುಗೊರಡು ಹೊಡೆಸಿ, ಕಿರುಗುಟ್ಟುವ ಗೇಟಿಗೆ ಎಣ್ಣೆ ಬಿಡಿ, ಕತ್ತಲಿರುವ ಹಾಲಿಗೆ ಇನ್ನೊಂದು ಬಲ್ಬು ಹಾಕಿ. ಇಷ್ಟು ಸಾಕು.

ಸಮಯಾನೂ ನೋಡಬೇಕಾಗುತ್ತೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನೋಡಲು ಬಂದರೂ ಅಡ್ವಾನ್ಸ್ ಕೊಡುವವರು ಕಮ್ಮಿ. ಆಗ ಗಾಬರಿಯಾಗಿ ರೇಟ್ ಇಳಿಸಬೇಡಿ. ಆ ದಿನಗಳನ್ನು ರಿಪೇರಿಗೆ ಇಟ್ಟುಕೊಳ್ಳಿ. ಭಾನುವಾರ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು, ನೀವು ನಂಬದೇ ಇದ್ದರೂ ಕೊಳ್ಳುವವರ ಅಮ್ಮ ನಂಬಬಹುದು. ಬೆಳಗ್ಗೆ ಹತ್ತು, ಹನ್ನೊಂದಕ್ಕೆ ಕರೆಯಿರಿ, ಬೆಳಕೂ ಚೆನ್ನಾಗಿರುತ್ತೆ. ಬಾಡಿಗೆಯವರಿದ್ದರೆ ಹಿಂದಿನ ದಿನವೇ ಹೇಳಿ. ಹೇಳದೆ ಕೇಳದೆ ಜನ ಕರೆದುಕೊಂಡು ಹೋದರೆ ಅವರು ಸಿಟ್ಟಲ್ಲಿ ಏನು ಬೇಕಾದರೂ ಹೇಳಿಯಾರು.

ಬಂದವರ ಜೊತೆ ಮನೆ ಮಂದಿಯೆಲ್ಲ ಮೆರವಣಿಗೆ ಹೋಗಬೇಡಿ. ಒಬ್ಬರು ತೋರಿಸಿ, ಉಳಿದವರು ಹೊರಗೆ ಕೂತಿರಿ. ಗಂಡ ಹೆಂಡತಿ ರೂಮಿನಲ್ಲಿ ತಮ್ಮತಮ್ಮಲ್ಲೇ ಎರಡು ಮಾತಾಡಿಕೊಳ್ಳಲಿ ಬಿಡಿ. "ಯಾಕೆ ಮಾರುತ್ತಿದ್ದೀರಿ?" ಅಂತ ಎಲ್ಲರೂ ಕೇಳುತ್ತಾರೆ. ನಿಜ ಕಾರಣವನ್ನೇ ಹೇಳಿ, ಆದರೆ ಒಂದೇ ವಾಕ್ಯದಲ್ಲಿ ಮುಗಿಸಿ. "ಮಗ ಅಮೆರಿಕದಿಂದ ಬರೋ ಹೊತ್ತಿಗೆ ಮುಗಿಸಬೇಕು" ಅಂತ ಅಜ್ಜ ಬಾಯಿಬಿಟ್ಟರೋ, ಬಂದವರು ಅಲ್ಲೇ ಮನಸ್ಸಲ್ಲಿ ಐದು ಲಕ್ಷ ಕಳೆದುಬಿಡುತ್ತಾರೆ. ಬ್ರೋಕರ್ ಕಮಿಷನ್ ಎಷ್ಟು, ಯಾವಾಗ ಅನ್ನುವುದನ್ನು ಮೊದಲ ಗಿರಾಕಿ ಬರುವ ಮುಂಚೆಯೇ ಮಾತಾಡಿಕೊಳ್ಳಿ.

ಕಾಗದಪತ್ರದ ಕೆಲಸ ಗಿರಾಕಿ ಸಿಕ್ಕ ಮೇಲೆ ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ಅದರಲ್ಲಿ ನಿಮ್ಮ ಹೆಸರಿನ ಅಕ್ಷರ, ಆಧಾರ್‌ನಲ್ಲಿನ ಅಕ್ಷರ, ಕ್ರಯಪತ್ರದಲ್ಲಿನ ಅಕ್ಷರ ಒಂದೇ ಇದೆಯಾ ನೋಡಿ. ಮನೆ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯೂ ಬೇಕು. ಮೊದಲು ಅಕ್ಕತಂಗಿಯರ ಜೊತೆ ಕೂತು ಮಾತಾಡಿ, ಆಮೇಲೆ ಬೋರ್ಡು ಹಾಕಿ. ಇಸಿಯನ್ನು, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿಯನ್ನು, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ನೀವೇ ತೆಗೆದು ಓದಿ. ಗೃಹಸಾಲ ಎಂದೋ ತೀರಿದ್ದರೂ ಅಡಮಾನದ ಎಂಟ್ರಿ ಅಲ್ಲಿ ಹಾಗೇ ಕೂತಿರಬಹುದು, ಆಗ ಬ್ಯಾಂಕಿಗೆ ಹೋಗಿ ಋಣಮುಕ್ತಿ ಪತ್ರ ಮಾಡಿಸಿ ನೋಂದಾಯಿಸಬೇಕು. ಇಂಥ ಒಂದು ಎಂಟ್ರಿಗೆ ತಿಂಗಳುಗಟ್ಟಲೆ ಓಡಾಡಿದವರನ್ನು ನೋಡಿದ್ದೇನೆ.

ಮೂಲ ಪತ್ರ ಯಾರ ಕೈಗೂ ಕೊಡಬೇಡಿ. ಜೆರಾಕ್ಸ್ ಕೊಡಿ, ಅದರ ಮೇಲೆ ಅಡ್ಡಲಾಗಿ "ಪರಿಶೀಲನೆಗೆ ಮಾತ್ರ" ಅಂತ ದಿನಾಂಕ ಹಾಕಿ ಬರೆಯಿರಿ. ಕೊಳ್ಳುವ ಮಾತು ಗಟ್ಟಿಯಾದ ಮೇಲೆ ಅವರ ಲಾಯರ್ ನಿಮ್ಮೆದುರೇ ಒರಿಜಿನಲ್ ನೋಡಲಿ.

ಅಡ್ವಾನ್ಸನ್ನು ನೋಟಿನ ಕಟ್ಟಲ್ಲಿ ತಂದರೆ ಬೇಡ ಅನ್ನಿ. ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು, ಅದೂ ತೆಗೆದುಕೊಂಡವರಿಗೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನೂರಕ್ಕೆ ಒಂದು ರೂಪಾಯಿ ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟಬೇಕು. ಕಟ್ಟಿದ್ದು ನಿಮ್ಮ ಲೆಕ್ಕಕ್ಕೆ ಬಂತಾ ಅಂತ ನೋಡಿಕೊಳ್ಳಿ. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ಲೆಕ್ಕ ಬೇರೆ, ಹಿಡಿಯುವುದೂ ಜಾಸ್ತಿ. ಆಡಿಟರ್ ಹತ್ತಿರ ಮೊದಲೇ ಕೇಳಿ.

ಅಗ್ರಿಮೆಂಟ್ ಬರೆಯುವಾಗ ಮನೆಯಲ್ಲಿ ಏನು ಬಿಟ್ಟುಹೋಗುತ್ತೀರಿ ಅನ್ನುವುದನ್ನೂ ಬರೆಸಿ. ಸೋಲಾರ್, ಗೀಸರ್, ಫ್ಯಾನ್, ಯುಪಿಎಸ್, ನೀರಿನ ಮೋಟರ್. ಕೋಟಿ ರೂಪಾಯಿಯ ವ್ಯವಹಾರ ಸಲೀಸಾಗಿ ಮುಗಿದು, ಕೊನೆಗೆ ನಾಲ್ಕು ಫ್ಯಾನಿಗೆ ಜಗಳ ಆಗುವುದು ಅಪರೂಪವೇನಲ್ಲ. ತುಳಸಿ ಕಟ್ಟೆ ತೆಗೆದುಕೊಂಡು ಹೋಗುವ ಮನಸ್ಸಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.