ವೆಬ್‌ಸೈಟ್ ಬಿಲ್ಡರ್ ಪರೀಕ್ಷೆ: ಒತ್ತಕ್ಷರದಿಂದ ಶುರು ಮಾಡಿ

ಕೋರೆಲ್‌ಡ್ರಾ, ಫೋಟೋಶಾಪ್ ಎಲ್ಲ ಬರುತ್ತದೆ, ಕೋಡ್ ಬರೆಯುವುದು ಮಾತ್ರ ಬೇಡ. ಆದರೂ ಕೆಲಸದ ಮಾದರಿಗಳನ್ನು ತೋರಿಸಲು ಸ್ವಂತ ವೆಬ್‌ಸೈಟ್ ಬೇಕು. ಇಂಥ ಡಿಸೈನರ್‌ಗಳಿಗೆ ಈಗ ಬಿಲ್ಡರ್‌ಗಳ, ಅಂದರೆ ಕೋಡ್ ಇಲ್ಲದೆ ಸೈಟ್ ಕಟ್ಟಲು ಬಿಡುವ ಸೇವೆಗಳ, ಸಂತೆಯೇ ಇದೆ: ಗೂಗಲ್ ಸೈಟ್ಸ್, ಕಾರ್ಡ್ (Carrd), ವಿಕ್ಸ್, ವೆಬ್‌ಫ್ಲೋ, ವರ್ಡ್‌ಪ್ರೆಸ್. ಎಲ್ಲದರ ಟೆಂಪ್ಲೇಟೂ (ಸಿದ್ಧ ವಿನ್ಯಾಸ) ಅಪಾರ್ಟ್‌ಮೆಂಟ್‌ನವರು ತೋರಿಸುವ ಮಾದರಿ ಫ್ಲಾಟ್‌ನಂತೆ ಚೆಂದವಾಗಿಯೇ ಕಾಣುತ್ತದೆ. ಅದನ್ನು ನೋಡಿ ನಿರ್ಧರಿಸಬೇಡಿ.

ಮೊದಲು ಟೆಂಪ್ಲೇಟ್ ಹುಡುಕಲೇಬೇಡಿ, ಸಾಮಾನು ಜೋಡಿಸಿಕೊಳ್ಳಿ. ನಿಮ್ಮ ಕೆಲಸಗಳಲ್ಲಿ ಎಂಟ್ಹತ್ತು ಸಾಕು, ಅದರಲ್ಲೂ ಒಂದೆರಡು ತೊಂದರೆ ಕೊಡುವಂಥವು ಇರಲಿ: ತುಂಬಾ ಉದ್ದದ ಪೋಸ್ಟರ್, ಬಿಳಿ ಹಿನ್ನೆಲೆಯ ಲೋಗೊ, ಸಣ್ಣ ಅಕ್ಷರ ಜಾಸ್ತಿ ಇರುವ ಆಮಂತ್ರಣ ಪತ್ರಿಕೆ. ಪ್ರಿಂಟ್‌ಗೆ ಮಾಡಿದ ಫೈಲ್ ಮುದ್ರಣದ ಬಣ್ಣಪದ್ಧತಿಯಾದ ಸಿಎಂವೈಕೆಯಲ್ಲಿದ್ದರೆ ಪರದೆಯ ಪದ್ಧತಿಯಾದ ಆರ್‌ಜಿಬಿಗೆ ಬದಲಿಸಿ, ಇಲ್ಲದಿದ್ದರೆ ಬಣ್ಣ ಎಲ್ಲಿಗೋ ಹೋಗುತ್ತದೆ. 300 ಡಿಪಿಐ, 72 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಅನ್ನುವ ಚರ್ಚೆ ಇಲ್ಲಿ ಬೇಡ, ಪರದೆಗೆ ಗೊತ್ತಿರುವುದು ಪಿಕ್ಸೆಲ್ ಮಾತ್ರ. ಅಗಲ 1600ರಿಂದ 2000 ಪಿಕ್ಸೆಲ್ ಇರಲಿ, ಜೆಪೆಗ್ ಫೈಲ್ 300 ಕೆಬಿ ದಾಟದಿರಲಿ.

ಈಗ ಕನ್ನಡ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಬಿಲ್ಡರ್‌ಗೆ ತಂದು ಪೇಸ್ಟ್ ಮಾಡಿದರೆ ಕನ್ನಡದ ಬದಲು ಚುಕ್ಕಿ, ಕೊಕ್ಕೆ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ತಪ್ಪು ಬಿಲ್ಡರ್‌ನದ್ದಲ್ಲ, ಆ ಪಠ್ಯ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಇಲ್ಲ ಅಷ್ಟೇ. ಕನ್ವರ್ಟರ್‌ನಲ್ಲಿ ಹಾಕಿ ಬದಲಿಸಿಕೊಳ್ಳಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ. ಪಠ್ಯವನ್ನೇ ಚಿತ್ರ ಮಾಡಿ ಹಾಕಿಬಿಡೋಣ ಅಂತ ಸುಲಭದ ದಾರಿ ಹಿಡಿಯುವವರಿದ್ದಾರೆ. ಬೇಡ. ಫೋನ್‌ನಲ್ಲಿ ಅದು ಇರುವೆ ಸಾಲಿನಷ್ಟು ಸಣ್ಣದಾಗುತ್ತದೆ, ಹುಡುಕಿದರೆ ಸಿಗುವುದೂ ಕಷ್ಟ.

ನಂತರ ಬಿಲ್ಡರ್‌ನಲ್ಲಿ ಖಾಲಿ ಪುಟ ತೆರೆದು, ದೊಡ್ಡ ಶೀರ್ಷಿಕೆಯಲ್ಲಿ ‘ರಾಷ್ಟ್ರೀಯ ಸ್ವಾತಂತ್ರ್ಯೋತ್ಸವದ ಚಿತ್ರಸ್ಪರ್ಧೆ’ ಅಂತ ಹಾಕಿ, ಎರಡು ಸಾಲಿಗೆ ಬರುವ ಹಾಗೆ ಮಾಡಿ. ನನ್ನ ಮಟ್ಟಿಗೆ ಅರ್ಧ ಪರೀಕ್ಷೆ ಇಲ್ಲೇ ಮುಗಿಯುತ್ತದೆ. ಹೆಚ್ಚಿನ ಟೆಂಪ್ಲೇಟ್‌ಗಳು ಇಂಗ್ಲಿಷ್ ಅಕ್ಷರಕ್ಕೆ ಅಂತ ಸಾಲುಗಳನ್ನು ಒತ್ತಾಗಿ ಇಟ್ಟಿರುತ್ತವೆ, ಹಾಗಾಗಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ದೀರ್ಘಗಳ ಮೇಲೆ ಬಂದು ಕೂರುತ್ತದೆ, ಕೆಲವೊಮ್ಮೆ ಕತ್ತರಿಸಿಯೇ ಹೋಗುತ್ತದೆ. ಸಾಲಿನ ಅಂತರವನ್ನು 1.5ಕ್ಕೋ 1.6ಕ್ಕೋ ಏರಿಸಲು ಆಗುತ್ತದಾ ನೋಡಿ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತನ್ನಿ. ಈ ಎರಡು ಸೆಟ್ಟಿಂಗ್ ಕೈಗೆ ಸಿಗದ ಬಿಲ್ಡರ್ ಕನ್ನಡದ ಕೆಲಸಕ್ಕೆ ಬೇಡ.

ಫಾಂಟ್ ಪಟ್ಟಿಯಲ್ಲಿ ಅನೇಕ್ ಕನ್ನಡ, ಬಲೂ ತಮ್ಮ 2, ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ ಇವೆಯಾ ಹುಡುಕಿ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಆರಿಸಿದ ಫಾಂಟ್‌ನಲ್ಲಿ ಕನ್ನಡವೇ ಇಲ್ಲದಿದ್ದರೂ ಪುಟ ಖಾಲಿ ಕಾಣುವುದಿಲ್ಲ, ಅದೇ ಮೋಸ. ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೊ, ಹೀಗೆ ಅವರವರ ಯಂತ್ರದಲ್ಲಿರುವ ಫಾಂಟ್ ಬಂದು ತುಂಬಿಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ರೂಪ, ಗ್ರಾಹಕರ ಫೋನ್‌ನಲ್ಲಿ ಇನ್ನೊಂದು. ದಪ್ಪ ಅಕ್ಷರ ಬೇಕಿದ್ದರೆ ಆ ಫಾಂಟ್‌ಗೆ ನಿಜವಾದ ಬೋಲ್ಡ್ ಇದೆಯಾ ಅಂತಲೂ ನೋಡಿ. ಉದಾಹರಣೆಗೆ ಹುಬ್ಬಳ್ಳಿ ಫಾಂಟ್‌ಗೆ ಒಂದೇ ತೂಕ (ಗೆರೆಯ ದಪ್ಪ), ಅದನ್ನು ಬೋಲ್ಡ್ ಮಾಡಿದರೆ ಬ್ರೌಸರ್ ಸುಮ್ನೆ ಗೆರೆ ಊದಿಸುತ್ತದೆ.

ಇಷ್ಟಾದ ಮೇಲೆ ಫೋನ್ ನೋಟ. ಪ್ರಿಂಟ್‌ನಿಂದ ಬಂದವರಿಗೆ ಕೈಕಟ್ಟಿದಂತೆ ಆಗುವುದು ಇಲ್ಲೇ, ಏಕೆಂದರೆ ಪುಟಕ್ಕೆ ನಿಗದಿತ ಅಳತೆಯೇ ಇಲ್ಲ. ಗೂಗಲ್ ಸೈಟ್ಸ್ ಎಲ್ಲವನ್ನೂ ತಾನೇ ಜೋಡಿಸಿಬಿಡುತ್ತದೆ, ಫೋನ್‌ಗೆ ಬೇರೆ ವಿನ್ಯಾಸ ಮಾಡಲು ಬಿಡುವುದಿಲ್ಲ. ವಿಕ್ಸ್‌ನಲ್ಲಿ ಫೋನ್ ನೋಟವನ್ನು ಬೇರೆಯಾಗಿ ತಿದ್ದಬಹುದು. ವೆಬ್‌ಫ್ಲೋ ಇನ್ನೂ ಹೆಚ್ಚು ಹಿಡಿತ ಕೊಡುತ್ತದೆ, ಆದರೆ ಬಾಕ್ಸ್, ಕ್ಲಾಸ್ ಅಂತ ಕೋಡ್‌ನವರ ಹಾಗೆ ಯೋಚಿಸುವುದನ್ನು ಕಲಿಯಬೇಕು. ಒಂದೇ ಪುಟ ಸಾಕು ಅನ್ನುವವರಿಗೆ ಕಾರ್ಡ್ ಹಗುರ. ಯಾವುದಾದರೂ ಸರಿ, ಬಿಲ್ಡರ್ ತೋರಿಸುವ ಪ್ರಿವ್ಯೂ ನಂಬಬೇಡಿ. ಪಬ್ಲಿಷ್ ಮಾಡಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಜವಾದ ಫೋನ್‌ನಲ್ಲಿ ತೆರೆಯಿರಿ. ಮನೆಯಲ್ಲಿ ಯಾರದ್ದಾದರೂ ಹಳೆಯ ಆಂಡ್ರಾಯ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

ದುಡ್ಡು ಕಟ್ಟುವ ಮೊದಲು ಹೊರಗೆ ಬರುವ ಬಾಗಿಲನ್ನೂ ನೋಡಿಕೊಳ್ಳಿ. ಕೋಡ್ ಬೇಡ ಅನ್ನುವ ಡಿಸೈನರ್‌ಗಳಿಗೆಂದೇ ಅಡೋಬಿ 2012ರಲ್ಲಿ ಮ್ಯೂಸ್ ಎಂಬ ತಂತ್ರಾಂಶ ತಂದಿತ್ತು, 2020ರ ಮಾರ್ಚ್‌ಗೆ ಅದರ ಬೆಂಬಲವನ್ನೂ ನಿಲ್ಲಿಸಿತು. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ. ವರ್ಡ್‌ಪ್ರೆಸ್‌ನಿಂದ ಬರಹಗಳನ್ನು ಹೊರಗೆ ತೆಗೆಯಬಹುದು, ವೆಬ್‌ಫ್ಲೋದಲ್ಲಿ ಕೋಡ್ ಇಳಿಸಿಕೊಳ್ಳಲು ದುಡ್ಡು ಕೊಡಬೇಕು. ಹಾಗಾಗಿ ಚಿತ್ರ, ಪಠ್ಯ ಎರಡರ ಪ್ರತಿಯೂ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿರಲಿ.

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಕೊನೆಗೆ ಕೊಳ್ಳಿ. ಬಿಲ್ಡರ್ ಬಳಿಯೇ ಕೊಳ್ಳುವ ಬದಲು ಬೇರೆ ಕಡೆ, ನಿಮ್ಮದೇ ಹೆಸರು, ಇಮೇಲ್ ಕೊಟ್ಟು ಕೊಂಡರೆ ನಾಳೆ ಬಿಲ್ಡರ್ ಬದಲಿಸುವಾಗ ಕಿರಿಕಿರಿ ಕಡಿಮೆ. ಮೊದಲ ವರ್ಷದ ರಿಯಾಯಿತಿ ದರ ದೊಡ್ಡದಾಗಿ ಬರೆದಿರುತ್ತದೆ, ಎರಡನೇ ವರ್ಷದ ದರ ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ, ಹುಡುಕಿ ಓದಿ.